ಭೀಮನಬೀಡಿನ ಹೆಪ್ಪು

ಕಳೆದ ತಿಂಗಳು ಚಾಮರಾಜನಗರದಿಂದ ಗುಂಡ್ಲುಪೇಟೆಗೆ ಬಸ್ಸಿನಲ್ಲಿ ಹೋಗುತ್ತಿದ್ದೆ. ತೆರಕಣಾಂಬಿ ದಾಟಿದ ಮೇಲೆ ಕಿಟಕಿಯಿಂದ ಒಂದು ವಾಸನೆ ಒಳಗೆ ನುಗ್ಗಿತು. ರಸ್ತೆಯಂಚಿನ ಹೊಲದಲ್ಲಿ ಯಾರೋ ಅರಿಶಿನ ಬೇಯಿಸುತ್ತಿದ್ದರು. ಹೊಗೆ, ಹಬೆ, ಬೆಂದ ಗೆಡ್ಡೆಯ ಘಾಟು, ಅದರ ಜೊತೆಗೆ ನೆಲಕ್ಕೆ ಚೆಲ್ಲಿದ ಬಿಸಿನೀರಿನಿಂದ ಏಳುವ ಒಂದು ಹುಳಿ ವಾಸನೆ. ಪಕ್ಕದಲ್ಲಿ ಕೂತವರು ಟವೆಲ್ಲನ್ನು ಮೂಗಿಗೆ ಹಿಡಿದುಕೊಂಡು, “ಕಿಟಕಿ ಮುಚ್ಚಿ ಸ್ವಾಮಿ” ಅಂದರು. ನಾನು ಮುಚ್ಚಲಿಲ್ಲ. ಸಾಮಾನ್ಯವಾಗಿ ಹೇಳಿದ ಮಾತು ಕೇಳುವವನು ನಾನು. ಬದುಕಿನ ಬಹುಪಾಲು ಅದೇ ಅಭ್ಯಾಸದಲ್ಲಿ ಕಳೆದಿದೆ. ಆದರೆ ಆ ವಾಸನೆಯ ಋಣ ನನ್ನ ಮೇಲಿದೆ.

ಹುಟ್ಟಿದ್ದು ಉಮ್ಮತ್ತೂರಿನಲ್ಲಿ. ಮೀಸೆ ಸರಿಯಾಗಿ ಮೂಡುವ ಮೊದಲೇ ಸೇನೆಗೆ ಸೇರಿದೆ. ಅಲ್ಲಿ ನನಗೆ ಬಂದೂಕಿಗಿಂತ ಹೆಚ್ಚು ಪರಿಚಯವಾದದ್ದು ಸೂಕ್ಷ್ಮದರ್ಶಕ. ಸೇನಾ ಆಸ್ಪತ್ರೆಗಳ ಪ್ರಯೋಗಾಲಯಗಳಲ್ಲಿ ರಕ್ತ, ಕಫ ಪರೀಕ್ಷೆ ಮಾಡುವ ಕೆಲಸ. ನಿವೃತ್ತನಾಗಿ ಬಂದ ಮೇಲೆ ಚಾಮರಾಜನಗರದ ಒಂದು ಕಾಲೇಜಿನಲ್ಲಿ, ಸೂಕ್ಷ್ಮಜೀವಿಶಾಸ್ತ್ರ ವಿಭಾಗದ ಪ್ರಯೋಗಾಲಯ ನೋಡಿಕೊಳ್ಳುವ ಕೆಲಸ ಸಿಕ್ಕಿತು. ಹುಡುಗರು ‘ಮಿಲ್ಟ್ರಿ ಸರ್’ ಎಂದು ಕರೆಯುತ್ತಿದ್ದರು. ಎಲ್ಲರಿಗಿಂತ ಮೊದಲು ಬಂದು ಬಾಗಿಲು ತೆಗೆಯುವುದು, ಮೇಜನ್ನು ಸ್ಪಿರಿಟ್ ಹಾಕಿ ಒರೆಸುವುದು, ಗಾಜಿನ ಸಾಮಾನನ್ನು ಎತ್ತರದ ಪ್ರಕಾರ ಜೋಡಿಸುವುದು, ಸಂಜೆ ಅದೇ ಕ್ರಮದಲ್ಲಿ ಎತ್ತಿಟ್ಟು ಬೀಗ ಹಾಕುವುದು. ಚಪ್ಪಲಿಯ ಮಣ್ಣು ಹೊಸ್ತಿಲು ದಾಟಿದರೆ ನನಗೆ ಸಹಿಸಲು ಆಗುತ್ತಿರಲಿಲ್ಲ. ಅಂಥ ನನಗೆ, ಕೆಲಸದ ಕೊನೆಯ ವರ್ಷದಲ್ಲಿ, ಪೊಟ್ಟಣ ಪೊಟ್ಟಣ ಮಣ್ಣನ್ನು ಪ್ರಯೋಗಾಲಯದೊಳಗೇ ತಂದು ಸುರಿಯುವ ಹುಡುಗಿಯೊಬ್ಬಳು ಗಂಟುಬಿದ್ದಳು.

ಅವಳ ಹೆಸರು ರೆಹಾನಾ. ಗುಂಡ್ಲುಪೇಟೆಯವಳು. ತಂದೆ ವಹೀದ್ ಸಾಬರು ಬಸ್ ನಿಲ್ದಾಣದ ಹಿಂದಿನ ಬೀದಿಯಲ್ಲಿ ಟೈಲರ್ ಅಂಗಡಿ ಇಟ್ಟವರು. ಎಂ.ಎಸ್ಸಿ. ಮುಗಿಸಿ ನಮ್ಮ ವಿಭಾಗದ ಮೇಡಂ ಹತ್ತಿರ ಪಿಎಚ್.ಡಿ.ಗೆ ಹೆಸರು ನೋಂದಾಯಿಸಿದ್ದಳು. ಮೊದಲ ದಿನವೇ ನಾನು, “ಮಣ್ಣು ಹೊರಗಡೆ ಇಡಮ್ಮ” ಅಂದೆ. “ಮಣ್ಣು ಹೊರಗಿಟ್ರೆ ನಾನೂ ಹೊರಗೇ ಕೂರಬೇಕಾಗತ್ತೆ ಸರ್” ಅಂದಳು. ನಗದೇ ಹೇಳಿದಳು. ನನಗೆ ಹಿಡಿಸಿತು. ಮೂಲೆಯ ಒಂದು ಮೇಜನ್ನು ಅವಳ ಮಣ್ಣಿಗೆಂದೇ ಬಿಟ್ಟುಕೊಟ್ಟೆ.

ಅವಳು ಹುಡುಕುತ್ತಿದ್ದುದು ಏನು ಎಂದು ಅರ್ಥವಾಗಲು ವಿಜ್ಞಾನ ಓದಬೇಕಾಗಿಲ್ಲ. ಒಂದು ತುತ್ತು ಅನ್ನವನ್ನು ಸುಮ್ಮನೆ ಅಗಿಯುತ್ತಾ ಹೋದರೆ ಸ್ವಲ್ಪ ಹೊತ್ತಿಗೆ ಸಿಹಿಯಾಗುತ್ತದೆ. ನಮ್ಮ ಎಂಜಲಿನಲ್ಲಿರುವ ಒಂದು ಕಿಣ್ವ ಅನ್ನದ ಪಿಷ್ಟವನ್ನು ಒಡೆದು ಸಕ್ಕರೆ ಮಾಡುತ್ತದೆ. ಮಣ್ಣಿನಲ್ಲಿರುವ ಕೆಲವು ಬ್ಯಾಕ್ಟೀರಿಯಾಗಳೂ ಅಂಥದೇ ಕಿಣ್ವವನ್ನು ಹೊರಕ್ಕೆ ಬಿಡುತ್ತವೆ. ಅವುಗಳಿಗೆ ಊಟ ದಕ್ಕುವುದೇ ಹಾಗೆ. ಬಟ್ಟೆ ಗಿರಣಿಗಳಲ್ಲಿ ನೂಲಿಗೆ ಹಚ್ಚಿದ ಗಂಜಿ ತೆಗೆಯಲು, ಗ್ಲೂಕೋಸ್ ತಯಾರಿಸಲು ಈ ಕಿಣ್ವ ಬೇಕು. ತೊಂದರೆಯೆಂದರೆ ಅಲ್ಲಿನ ಕೆಲಸವೆಲ್ಲ ಕೈ ಇಡಲಾಗದಷ್ಟು ಬಿಸಿಯಲ್ಲಿ. ಸಾಧಾರಣ ಕಿಣ್ವ ಅಷ್ಟು ಬಿಸಿಗೆ ಮೊಟ್ಟೆಯ ಲೋಳೆಯಂತೆ ಬೆಂದು ಕೆಟ್ಟುಹೋಗುತ್ತದೆ. ಬಿಸಿಗೆ ಜಗ್ಗದ ಕಿಣ್ವ ಕೊಡುವ ಒಂದು ಬ್ಯಾಕ್ಟೀರಿಯಾವನ್ನು ನಮ್ಮ ಜಿಲ್ಲೆಯ ಮಣ್ಣಿನಿಂದಲೇ ಹಿಡಿಯಬೇಕು ಎಂಬುದು ರೆಹಾನಾಳ ಹಟ.

ಅವಳು ಚಂದಕವಾಡಿಯ ಜೋಳದ ಹೊಲದಿಂದ ಮಣ್ಣು ತಂದಳು. ನಮ್ಮ ಉಮ್ಮತ್ತೂರಿನ ಕೆರೆಯಂಗಳದಿಂದ ತಂದಳು. ಅಕ್ಕಿ ಗಿರಣಿಯ ಹಿತ್ತಲಿನಿಂದ ತಂದಳು. ಇಡ್ಲಿ ಹೋಟೆಲೊಂದರ ಹಿಂದೆ ಚಮಚ ಹಿಡಿದು ಬಗ್ಗಿದ್ದಾಗ ಮಾಲೀಕರು ಓಡಿಬಂದು, “ಏನಮ್ಮಾ, ಹೆಲ್ತ್ ಡಿಪಾರ್ಟ್‌ಮೆಂಟಾ? ನಮ್ದು ಶುದ್ಧವಾದ ಚರಂಡಿ ಕಣಮ್ಮ!” ಅಂದರಂತೆ. ಪಿಷ್ಟ ಬೆರೆಸಿದ ತಟ್ಟೆಗಳ ಮೇಲೆ ಆ ಮಣ್ಣಿನ ನೀರನ್ನು ಹರಡಿ ಬೆಳೆಸುತ್ತಿದ್ದಳು. ಆಮೇಲೆ ಮೇಲಿನಿಂದ ಅಯೋಡಿನ್ ಸುರಿಯುವುದು. ಪಿಷ್ಟ ಇರುವಲ್ಲೆಲ್ಲ ಕಡುನೀಲಿ. ಯಾವ ಬ್ಯಾಕ್ಟೀರಿಯಾ ಸುತ್ತಲಿನ ಪಿಷ್ಟವನ್ನು ತಿಂದಿದೆಯೋ ಅದರ ಸುತ್ತ ಬಿಳಿ ವೃತ್ತ. ವೃತ್ತಗಳು ಬೇಕಾದಷ್ಟು ಸಿಕ್ಕವು. ಆದರೆ ಆ ಕಿಣ್ವವನ್ನು ಬಿಸಿನೀರಿನಲ್ಲಿಟ್ಟು ತೆಗೆದರೆ ಎಲ್ಲವೂ ಸತ್ತಂತೆ. ತಿಂಗಳು ಕಳೆದವು. ಮೇಡಂ ಒಂದು ದಿನ ಅವಳನ್ನು ಕರೆದು ನೇರವಾಗಿ ಹೇಳಿದರು: “ಜೂನ್‌ನಲ್ಲಿ ನಿನ್ನ ಮೊದಲ ವರ್ಷದ ಪರಿಶೀಲನೆ. ಕೈಯಲ್ಲಿ ಒಂದು ಜೀವಿ ಇಲ್ದೆ ಸಮಿತಿ ಮುಂದೆ ನಾನು ಏನಂತ ವಾದ ಮಾಡ್ಲಿ ರೆಹಾನಾ? ನೋಂದಣಿ ರದ್ದು ಮಾಡ್ತಾರೆ.” ಮೇಡಂ ಕಠಿಣರಲ್ಲ. ಇರುವುದನ್ನು ಹೇಳಿದರು ಅಷ್ಟೆ.

ಆಗ ಮಾರ್ಚ್ ತಿಂಗಳು. ಅವಳಿಗೆ ರಂಜಾನ್ ಉಪವಾಸ. ಮಧ್ಯಾಹ್ನ ನಾನು ಬುತ್ತಿ ಬಿಚ್ಚಲು ಹೊರಗಿನ ಜಗಲಿಗೆ ಹೋಗುತ್ತಿದ್ದೆ. “ಇಲ್ಲೇ ತಿನ್ನಿ ಸರ್, ನಂಗೇನೂ ಆಗಲ್ಲ” ಎನ್ನುತ್ತಿದ್ದಳು. ಪ್ರಯೋಗಾಲಯದಲ್ಲಿ ಊಟ ಮಾಡಬಾರದೆಂಬ ನಿಯಮ ಬರೆದು ಗೋಡೆಗೆ ಅಂಟಿಸಿದವನೇ ನಾನು. ಆ ದಿನ ಬುತ್ತಿ ಕಟ್ಟಿಕೊಳ್ಳುತ್ತಾ, “ಶನಿವಾರ ನಾನು ಬರಲ್ಲಮ್ಮ. ಭೀಮನಬೀಡಿಗೆ ಹೋಗ್ಬೇಕು. ತಂಗಿ ಮನೇಲಿ ಅರಿಶಿನ ಬೇಯಿಸಿ ಒಣಗಿಸಿ ಆಯ್ತಂತೆ. ವರ್ಷಕ್ಕಾಗುವಷ್ಟು ತಗೊಂಡು ಹೋಗು ಅಂದಿದ್ದಾಳೆ” ಅಂದೆ.

ರೆಹಾನಾ ಕೈಯಲ್ಲಿದ್ದ ತಟ್ಟೆಯನ್ನು ಕೆಳಗಿಟ್ಟಳು. “ಅರಿಶಿನ ಬೇಯಿಸಿದ ನೀರು ಎಲ್ಲಿ ಚೆಲ್ತಾರೆ ಸರ್?”

“ಒಲೆ ಪಕ್ಕದಲ್ಲೇ.”

“ಪ್ರತಿ ವರ್ಷ ಅದೇ ಜಾಗದಲ್ಲಾ?”

“ಅವಳ ಅತ್ತೆ ಕಾಲದಿಂದ ಅದೇ ಒಲೆ, ಅದೇ ಜಾಗ.”

ಅವಳು ಎದ್ದು ನಿಂತಳು. ಅರಿಶಿನದ ಗೆಡ್ಡೆಯಲ್ಲಿ ಹೆಚ್ಚಿನ ಪಾಲು ಪಿಷ್ಟವೇ. ಬೇಯಿಸಿದ ನೀರೆಂದರೆ ಕುದಿಯುವ ಗಂಜಿ. ವರ್ಷ ವರ್ಷವೂ ಒಂದೇ ನೆಲಕ್ಕೆ ಆ ಕುದಿಯುವ ಗಂಜಿ ಬೀಳುತ್ತಿದೆ. ಅಲ್ಲದೆ ಅರಿಶಿನವೆಂದರೆ ಕ್ರಿಮಿಗಳಿಗೆ ಆಗದ ವಸ್ತು. ಅಷ್ಟು ಬಿಸಿ, ಅಷ್ಟು ಅರಿಶಿನ ಎರಡನ್ನೂ ತಾಳಿಕೊಂಡು ಆ ನೆಲದಲ್ಲಿ ಯಾವುದಾದರೂ ಬದುಕಿದ್ದರೆ ಅದು ಗಟ್ಟಿ ಪಿಂಡವೇ ಆಗಿರಬೇಕು. ಇದನ್ನೆಲ್ಲ ಅವಳು ಒಂದೇ ಉಸಿರಿಗೆ ಹೇಳಿದಳು. ನಾನು ಹೊರಗೆ ಬಂದು ತಂಗಿಗೆ ಫೋನು ಮಾಡಿದೆ. “ಚಿಕ್ಕತಾಯಿ, ಶನಿವಾರ ನಮ್ಮ ಕಾಲೇಜಿನ ಹುಡುಗಿ ಒಬ್ಬಳನ್ನೂ ಕರ್ಕೊಂಡು ಬರ್ತೀನಿ. ನಿಮ್ಮ ಒಲೆ ಹತ್ತಿರದ ಮಣ್ಣು ಬೇಕಂತೆ.”

“ಮಣ್ಣಾ? ಯಾಕಂತೆ?”

“ಪರೀಕ್ಷೆಗೆ.”

“ಬರ್ಲಿ ಬರ್ಲಿ,” ಅಂದಳು ಚಿಕ್ಕತಾಯಮ್ಮ, ಸಂಭ್ರಮದಿಂದ.

ಶನಿವಾರ ಮಧ್ಯಾಹ್ನ ನಾವು ಭೀಮನಬೀಡು ತಲುಪಿದೆವು. ಬಿಸಿಲು ಬಿರುಸಾಗಿತ್ತು. ಮನೆಯ ಹಿತ್ತಲಿಗೆ ಕಾಲಿಟ್ಟವನು ಅಲ್ಲೇ ನಿಂತೆ. ಹಿತ್ತಲು ಫಳಫಳ ಹೊಳೆಯುತ್ತಿತ್ತು. ಒಲೆಯ ಬೂದಿ ಬಳಿದುಹೋಗಿತ್ತು. ಒಲೆಯ ಸುತ್ತಲಿನ ನೆಲವನ್ನು ಗೇಣುದ್ದ ಅಗೆದು ತೆಗೆದು, ಬದುವಿನ ಕೆಂಪು ಮಣ್ಣು ತುಂಬಿ, ದಿಮ್ಮಿಸಿ, ಸಗಣಿ ಹಾಕಿ ಸಾರಿಸಿತ್ತು. ನಡುವೆ ಒಂದು ರಂಗೋಲಿ.

“ಯುಗಾದಿಗೆ ಮಾಡೋ ಕೆಲ್ಸವ ನಿಮಗೋಸ್ಕರ ಮೊದ್ಲೇ ಮಾಡ್ಬುಟ್ಟೆ ಕಣಣ್ಣಯ್ಯ,” ಅಂದಳು ತಂಗಿ. ಸೊಂಟಕ್ಕೆ ಸೆರಗು ಬಿಗಿದು ನಿಂತಿದ್ದಳು. “ಕಾಲೇಜ್ನೋರು ನಮ್ಮ ಮಣ್ಣ ಪರೀಕ್ಷೆ ಮಾಡ್ತಾರೆ ಅಂದ್ರೆ, ಆ ಗಲೀಜ ಎಂಗೆ ಕೊಡಾದು? ಒಳ್ಳೆ ಮಣ್ಣ ಹಾಕ್ಸಿವ್ನಿ. ಎಷ್ಟು ಬೇಕೋ ತಕ್ಕಳಮ್ಮಿ.”

ರೆಹಾನಾಳ ಮುಖ ನೋಡಲಾಗಲಿಲ್ಲ. ಆದರೂ ಅವಳು, “ತುಂಬಾ ಚೆನ್ನಾಗಿದೆ ಅಮ್ಮ” ಅಂದಳು. ಜೀವಮಾನವಿಡೀ ಚೊಕ್ಕಟ ಚೊಕ್ಕಟ ಎಂದು ಹುಡುಗರ ಪ್ರಾಣ ತಿಂದವನು, ನನ್ನ ಸ್ವಂತ ತಂಗಿಯ ಚೊಕ್ಕಟಕ್ಕೆ ಸಿಕ್ಕಿಬಿದ್ದೆ.

“ಹಳೇ ಮಣ್ಣು ಎಲ್ಲಿ ಹಾಕಿದೆ?” ಎಂದು ಕೇಳಿದೆ.

“ತಿಪ್ಪೆಗೆ. ತಿಪ್ಪೆ ಗೊಬ್ಬರವ ನೆನ್ನೆ ಟ್ರ್ಯಾಕ್ಟರ್ನೋರು ಚೆಂಡುಹೂವಿನ ಹೊಲಕ್ಕೆ ಎಳ್ದುಬುಟ್ರಲ್ಲ.”

ಎಂದರೆ ಆ ನಾಲ್ಕು ಬುಟ್ಟಿ ಮಣ್ಣು ಈಗ ಒಂದು ಇಡೀ ಹೊಲದಲ್ಲಿ ಕಲಸಿಹೋಗಿದೆ. ಬೇರೆಯವರ ಮನೆಯ ಒಲೆ ಹುಡುಕಬಹುದಿತ್ತು, ಆದರೆ ಈಗೀಗ ಹೆಚ್ಚಿನವರು ಬಾಡಿಗೆಗೆ ಬರುವ ಹಬೆಯ ಯಂತ್ರದಲ್ಲಿ ಬೇಯಿಸುತ್ತಾರೆ. ಅದು ಇಂದು ಈ ಹೊಲದಲ್ಲಿ, ನಾಳೆ ಇನ್ನೊಂದು ಹೊಲದಲ್ಲಿ. ತಲೆಮಾರಿನಿಂದ ಒಂದೇ ಜಾಗದಲ್ಲಿ ಕೊಪ್ಪರಿಗೆ ಇಟ್ಟು ಬೇಯಿಸುವವರು ನಮ್ಮ ಚಿಕ್ಕತಾಯಮ್ಮನಂಥ ಹಟಮಾರಿಗಳು ಮಾತ್ರ.

ರೆಹಾನಾ ಒಲೆಯ ಸುತ್ತ ಸುಮ್ಮನೆ ಒಂದು ಸುತ್ತು ಬಂದಳು. ಗೋಡೆಯ ಬುಡದಲ್ಲಿ ಅಗಲವಾದ ಒಂದು ಚಪ್ಪಡಿ ಇತ್ತು. ಅದರ ಅಂಚು ಹಳದಿಗಟ್ಟಿತ್ತು. “ಇದರ ಕೆಳಗೂ ತೆಗೆಸಿದ್ರಾ ಅಮ್ಮ?”

“ಅದ ಎತ್ತಕ್ಕೆ ಆಗ್ನಿಲ್ಲ. ಮೇಲೆ ಸಾರಿಸ್ಬುಟ್ಟೆ.”

ನಾನು ಹಾರೆ ತಂದೆ. ತುದಿ ಕೊಟ್ಟು ಮೀಟಿದೆ. ರೆಹಾನಾ ಕಲ್ಲಿನ ಚೂರು ಅಡ್ಡ ಕೊಡುತ್ತಾ ಬಂದಳು. ಸ್ವಲ್ಪ ಸ್ವಲ್ಪವೇ ಚಪ್ಪಡಿ ಪಕ್ಕಕ್ಕೆ ಸರಿಯಿತು. ಕೆಳಗೆ ಕಪ್ಪು ಹಳದಿ ಮಿಶ್ರವಾದ, ತೇವ ಆರದ ಕೆಸರು. ಅದರಿಂದ ಎದ್ದ ವಾಸನೆಗೆ ನಾನು ಮುಖ ತಿರುಗಿಸಿದೆ. ರೆಹಾನಾ ಮಂಡಿಯೂರಿ ಬಗ್ಗಿ, ಮಲ್ಲಿಗೆ ಮೂಸುವವಳ ಹಾಗೆ ಮೂಸಿದಳು.

ನಾನು ಕುದಿಸಿ ಒಣಗಿಸಿ ತಂದಿದ್ದ ಬಾಟಲಿ ತೆಗೆದು ಅದರ ಮೇಲೆ ಬರೆಯತೊಡಗಿದೆ. ಮಾದರಿ ತೆಗೆಯುವ ಮೊದಲು ಹೆಸರು ಬರೆಯುವುದು ನನ್ನ ಕ್ರಮ.

“ಏನಣ್ಣಯ್ಯ ಬರೀತಾ ಇದ್ದೈ?” ಅಂದಳು ತಂಗಿ.

“ಜಾಗದ ಹೆಸರು. ಭೀಮನಬೀಡು, ಚಿಕ್ಕತಾಯಮ್ಮನವರ ಹಿತ್ತಲು.”

“ನನ್ನ ಹೆಸ್ರಾ? ಈ ಕೊಚ್ಚೆ ಮೇಲಾ?” ಅವಳ ದನಿ ಏರಿತು. “ಬುಡು ಬುಡು. ಎತ್ತಿಡು ಆ ಬಾಟ್ಲಿಯ. ಕಾಲೇಜ್ನಲ್ಲಿ ಓದೋರೆಲ್ಲ ನೋಡಿ, ಭೀಮನಬೀಡ್ನ ಚಿಕ್ಕತಾಯವ್ವನ ಮನೆ ಇಂಗೆ ನಾರ್ತದೆ ಅನ್ಬೇಕಾ? ಒಳ್ಳೆ ಮಣ್ಣ ತಕ್ಕೊಂಡೋಗಿ ಅಂದ್ರೆ ಬ್ಯಾಡ ನಿಮ್ಗೆ!”

“ಹೆಸರು ಬೇಡ ಅಂದರೆ ಬರೆಯಲ್ಲ.”

“ಹೆಸ್ರು ಬ್ಯಾಡ, ಕೊಚ್ಚೆನೂ ಬ್ಯಾಡ. ಕೊಡಕಿಲ್ಲ ಅಂದ್ರೆ ಕೊಡಕಿಲ್ಲ.”

ಅವಳು ಹೋಗಿ ಸರಿಸಿಟ್ಟ ಚಪ್ಪಡಿಯ ಮೇಲೆ, ಕೆಸರಿಗೆ ಅಡ್ಡವಾಗಿ ಕೂತೇಬಿಟ್ಟಳು. ನನ್ನ ತಂಗಿ ಚಿಕ್ಕಂದಿನಲ್ಲೂ ಹೀಗೆಯೇ. ನಾನು ಗದರಿಸಲು ಬಾಯಿ ತೆರೆದೆ. ರೆಹಾನಾ ನನಗೆ ಕೈಯಲ್ಲೇ ಸುಮ್ಮನಿರಲು ಸನ್ನೆ ಮಾಡಿ, ಅವಳ ಪಕ್ಕದಲ್ಲಿ ನೆಲದ ಮೇಲೆ ಕೂತಳು.

“ಅಮ್ಮ, ನಿಮ್ಮ ಮನೇಲಿ ಮೊಸರು ಯಾವತ್ತಾದ್ರೂ ಕೊಂಡು ತಂದಿದ್ದೀರಾ?”

“ಮೊಸರಾ? ನಮ್ಮತ್ತೆ ಕಾಲದ ಹೆಪ್ಪು ಕಣಮ್ಮಿ. ಇವತ್ತಿಗೂ ಅದೇ ನಡೀತಾ ಅದ.”

“ಈ ಕೆಸರೊಳಗೂ ನಿಮ್ಮತ್ತೆ ಕಾಲದ ಹೆಪ್ಪು ಇದೆ ಅಮ್ಮ. ಹಾಲು ಮೊಸರು ಮಾಡೋ ಹೆಪ್ಪಲ್ಲ. ಗಂಜೀನ ಸಕ್ಕರೆ ಮಾಡೋ ಹೆಪ್ಪು. ನಿಮ್ಮತ್ತೆ ಚೆಲ್ಲಿದ ನೀರು, ನೀವು ಚೆಲ್ಲಿದ ನೀರು, ಅದನ್ನೇ ಕುಡಿದು ಬೆಳೆದಿದೆ. ಊರೂರು ಹುಡುಕಿದೀನಿ, ಎಲ್ಲೂ ಸಿಕ್ಕಿಲ್ಲ. ಇಲ್ಲೂ ಸಿಕ್ಕದಿದ್ರೆ ನನ್ನ ಓದು ನಿಂತುಹೋಗತ್ತೆ.”

ಚಿಕ್ಕತಾಯಮ್ಮ ಕೆಸರನ್ನು ನೋಡಿದಳು. ಹುಡುಗಿಯನ್ನು ನೋಡಿದಳು. “ಹೆಪ್ಪಾ?” ಅಂದಳು. “ಅದ ಮೊದ್ಲೇ ಏಳ್ಬಾರ್ದಾ?” ಎಂದು ಎದ್ದಳು. ನಾನು ಬಾಟಲಿಯ ಮುಚ್ಚಳ ತಿರುಗಿಸಿದೆ. ಅವಳು ತಲೆಯೆತ್ತಿ ಆಕಾಶ ನೋಡಿದಳು. ಹಾರೆ, ಚಪ್ಪಡಿ, ಜಗಳ ಎನ್ನುವಷ್ಟರಲ್ಲಿ ಹೊತ್ತು ಇಳಿದಿತ್ತು.

“ಈಗ ಕೊಡಕ್ಕಾಗಕಿಲ್ಲ ಕಣಮ್ಮಿ. ದೀಪ ಅಚ್ಚೋ ಒತ್ತಾಯ್ತು. ಈ ಒತ್ನಲ್ಲಿ ಮನೆಯಿಂದ ಹೆಪ್ಪು ಆಚೆಗೆ ಕೊಡಾಕಿಲ್ಲ. ಬೆಳಿಗ್ಗೆ ಬಾ.”

ನಾನು ತಲೆಯ ಮೇಲೆ ಕೈಹೊತ್ತೆ. ರೆಹಾನಾ ನಕ್ಕುಬಿಟ್ಟಳು. ಅಷ್ಟು ತಿಂಗಳಲ್ಲಿ ಅವಳು ಹಾಗೆ ನಕ್ಕಿದ್ದನ್ನು ನಾನು ನೋಡಿರಲಿಲ್ಲ. “ಸರಿ ಅಮ್ಮ, ಬೆಳಿಗ್ಗೆನೇ ಬರ್ತೀನಿ” ಅಂದಳು.

ಕಡ್ಡಿ ಗೀರಿ ದೀಪ ಹಚ್ಚಿದ ಚಿಕ್ಕತಾಯಮ್ಮನಿಗೆ ಆಗ ನೆನಪಾಯಿತು. “ಅಯ್ಯೋ, ಬಂದಾಗಿಂದ ಒಂದು ತೊಟ್ಟು ನೀರೂ ಮುಟ್ಟಿಲ್ವಲ್ಲಾ ನೀನು!” ಉಪವಾಸ ಎಂದು ನಾನು ಹೇಳಿದೆ. “ಇನ್ನೇನು ಹೊತ್ತಾಗ್ತಾ ಬಂತು ಅಮ್ಮ” ಅಂದಳು ರೆಹಾನಾ, ಮೊಬೈಲ್ ನೋಡುತ್ತಾ. ತಂಗಿ ಒಳಗೆ ಓಡಿದಳು. ಬಾಳೆಹಣ್ಣು, ಬೆಲ್ಲ, ಹುರಿಗಡಲೆ, ಒಂದು ಚೊಂಬು ನೀರು ಮಜ್ಜಿಗೆ ತಂದಿಟ್ಟಳು. ಹೆಪ್ಪು ಕೊಡಬಾರದ ಆ ಹೊತ್ತಿನಲ್ಲೇ ಅದೇ ಹೆಪ್ಪಿನ ಮಜ್ಜಿಗೆಯಲ್ಲಿ ಆ ಹುಡುಗಿಯ ಉಪವಾಸ ಮುಗಿಯಿತು. “ಮನೆಯೊಳಗೆ ಕುಂತು ಕುಡುದ್ರೆ ಏನೂ ಆಗಕಿಲ್ಲ” ಎಂದು ತಂಗಿಯೇ ನಿಯಮವನ್ನು ವಿವರಿಸಿದಳು.

ಅಷ್ಟರಲ್ಲಿ ಮಗಳು ಇನ್ನೂ ಬರಲಿಲ್ಲವೆಂದು ವಹೀದ್ ಸಾಬರು ಗಾಡಿ ಹತ್ತಿ ಬಂದರು. ತೆಳ್ಳನೆಯ ಮನುಷ್ಯ, ಕೊರಳಲ್ಲಿ ಅಳತೆಯ ಟೇಪು ಹಾಗೆಯೇ ಇತ್ತು. ನಡೆದದ್ದನ್ನು ಕೇಳಿ ತಲೆದೂಗಿದರು. “ಅಮ್ಮ ಹೇಳೋದು ಸರಿ ಸಾರ್. ಸಂಜೆ ಮಗ್ರಿಬ್ ನಮಾಜು ಆದ್ಮೇಲೆ ನಮ್ಮಮ್ಮಾನೂ ಉಪ್ಪು, ಮೊಸರು ಆಚೆ ಕೊಡ್ತಿರಲಿಲ್ಲ.” ನನ್ನ ಪಕ್ಷಕ್ಕೆ ಒಬ್ಬರು ಬಂದರು ಎಂದುಕೊಂಡಿದ್ದೆ, ಅವರೂ ಆ ಕಡೆಗೇ ಸೇರಿದರು. ತಂಗಿ ಗೆದ್ದವಳಂತೆ ನನ್ನತ್ತ ನೋಡಿದಳು.

ಬೆಳಿಗ್ಗೆ ಬಿಸಿಲೇರುವ ಮೊದಲೇ ತಂದೆ ಮಗಳು ಮತ್ತೆ ಬಂದರು. ಚಿಕ್ಕತಾಯಮ್ಮ ಸ್ನಾನ ಮಾಡಿ, ಕುಂಕುಮ ಇಟ್ಟು ಕಾಯುತ್ತಿದ್ದಳು. ತಾನೇ ಕೊಡಬೇಕೆಂದಳು. ಕೊನೆಗೆ ಕುದಿಸಿ ತಂದಿದ್ದ ಚಮಚ ಅವಳ ಕೈಗೆ ಕೊಟ್ಟೆ. ಬೆರಳು ತಾಗದ ಹಾಗೆ ಅವಳು ಚಪ್ಪಡಿಯ ಕೆಳಗಿನ ಕೆಸರನ್ನು ಬಾಟಲಿಗೆ ತುಂಬಿದಳು. ನಲವತ್ತು ವರ್ಷದಲ್ಲಿ ನಾನು ತರಬೇತಿ ಕೊಟ್ಟ ಎಷ್ಟೋ ಹುಡುಗರು ಅಷ್ಟು ಅಚ್ಚುಕಟ್ಟಾಗಿ ಮಾದರಿ ತೆಗೆದವರಲ್ಲ.

“ಹೆಸ್ರು ಬರ್ಕೊ ಬೇಕಾದ್ರೆ,” ಅಂದಳು. “ಹೆಪ್ಪು ಅಂತ ಬರೀಬೇಕು. ಕೊಚ್ಚೆ ಅನ್ಬಾರ್ದು.”

ಹಾಗೆಯೇ ಬರೆದೆ.

ಆ ಕೆಸರಿನ ನೀರನ್ನು ರೆಹಾನಾ ಮೊದಲು ಕುದಿನೀರಿನ ಹತ್ತಿರದ ಬಿಸಿಗೆ ಇಟ್ಟಳು. ಮೆತ್ತನೆಯವೆಲ್ಲ ಸಾಯಲಿ, ಬೀಜದಂತೆ ಸುತ್ತ ಗಟ್ಟಿ ಕವಚ ಕಟ್ಟಿಕೊಂಡು ಕೂತವು ಮಾತ್ರ ಉಳಿಯಲಿ ಎಂದು. ಆಮೇಲೆ ತಟ್ಟೆಗಳಿಗೆ ಹರಡಿ ಬಿಸಿ ಪೆಟ್ಟಿಗೆಯೊಳಗಿಟ್ಟಳು. ತಟ್ಟೆ ತೆಗೆದ ದಿನ ವಿಭಾಗದಲ್ಲಿ ನಾವಿಬ್ಬರೇ. ಹೆಚ್ಚಿನ ತಟ್ಟೆಗಳು ಖಾಲಿ. ಒಂದರಲ್ಲಿ ಮಾತ್ರ ಸುಕ್ಕುಗಟ್ಟಿದ ಮಾಸಲು ಚುಕ್ಕೆಗಳಿದ್ದವು. ಅವಳು ಅಯೋಡಿನ್ ಬಾಟಲಿಯನ್ನು ನನಗೆ ಕೊಟ್ಟಳು. “ನೀವು ಹಾಕಿ ಸರ್. ನಿಮ್ಮ ತಂಗಿ ಕೊಟ್ಟ ಹೆಪ್ಪು ಇದು.” ಸುರಿದೆ. ತಟ್ಟೆ ಪೂರ್ತಿ ಕಡುನೀಲಿಗೆ ತಿರುಗಿತು. ಒಂದು ಚುಕ್ಕೆಯ ಸುತ್ತ ಮಾತ್ರ ನೀಲಿ ಬರಲೇ ಇಲ್ಲ. ಹಳೆಯ ಕಾಲಾಣೆ ನಾಣ್ಯದಷ್ಟು ಅಗಲಕ್ಕೆ ತಿಳಿಯಾಗಿ ನಿಂತಿತು.

ಆಮೇಲಿನ ಏಪ್ರಿಲ್, ಮೇ ತಿಂಗಳು ಬರೀ ದುಡಿಮೆ. ಆ ಬ್ಯಾಕ್ಟೀರಿಯಾವನ್ನು ಗಂಜಿನೀರಿನಲ್ಲಿ ಬೆಳೆಸುವುದು, ಅಲುಗಾಡಿಸುವ ಯಂತ್ರದಲ್ಲಿ ಇಡುವುದು, ಆಮೇಲೆ ಗಿರಗಿರ ತಿರುಗಿಸಿ ಬ್ಯಾಕ್ಟೀರಿಯಾವನ್ನು ತಳಕ್ಕಿಳಿಸಿ ಮೇಲಿನ ತಿಳಿಯನ್ನು ತೆಗೆಯುವುದು. ಆ ತಿಳಿಯಲ್ಲೇ ಕಿಣ್ವ. ಅದನ್ನು ಬೇರೆ ಬೇರೆ ಬಿಸಿಯಲ್ಲಿಟ್ಟು, ಹುಳಿಯಲ್ಲಿಟ್ಟು, ಕ್ಷಾರದಲ್ಲಿಟ್ಟು, ಎಷ್ಟು ಪಿಷ್ಟ ಒಡೆಯುತ್ತದೆ ಎಂದು ಅಳೆಯುವುದು. ಹೊತ್ತು ಹೊತ್ತಿಗೆ ತಪ್ಪದೆ ಮಾದರಿ ತೆಗೆಯಬೇಕಾಗಿತ್ತು. ಅದು ನನ್ನ ಕೆಲಸ. ಕರೆಂಟು ಹೋದರೆ ಜನರೇಟರಿನ ಬಳಿಗೆ ಓಡುವುದೂ ನನ್ನದೇ. ಗಡಿಯಾರ ನೋಡಿ ಬದುಕುವವನಿಗೆ ಜನ ಸಾಮಾನ್ಯವಾಗಿ ನಗುತ್ತಾರೆ. ಆ ಬೇಸಿಗೆಯಲ್ಲಿ ನನ್ನ ಗಡಿಯಾರಕ್ಕೆ ಒಂದು ಅರ್ಥ ಬಂತು.

ಆದರೆ ಕಿಣ್ವ ನಿಲ್ಲಲಿಲ್ಲ. ಮೊದಮೊದಲು ಬಿಸಿಯಲ್ಲಿ ಚೆನ್ನಾಗಿ ದುಡಿಯುತ್ತಿತ್ತು. ಸ್ವಲ್ಪ ಶುದ್ಧ ಮಾಡಿ ನೀರು ಬೆರೆಸಿಟ್ಟರೆ ಅದೇ ಬಿಸಿಗೆ ಬೇಗನೆ ಸೋಲುತ್ತಿತ್ತು. ಮೇ ತಿಂಗಳ ಕೊನೆ ಬಂತು. ರೆಹಾನಾಳ ಕಣ್ಣಿನ ಸುತ್ತ ಕಪ್ಪು. “ಭೀಮನಬೀಡಲ್ಲಿ ಬದುಕಿದ್ದು ಇಲ್ಲಿ ಯಾಕೆ ಸಾಯತ್ತೆ ಸರ್?” ಎನ್ನುತ್ತಿದ್ದಳು.

ಒಂದು ದಿನ ಮಧ್ಯಾಹ್ನವಿಡೀ ಕರೆಂಟಿಲ್ಲ. ಜನರೇಟರು ಬಿಸಿನೀರಿನ ತೊಟ್ಟಿಗಷ್ಟೇ ಸಾಲುತ್ತಿತ್ತು, ಭಟ್ಟಿ ಇಳಿಸಿದ ನೀರು ಮುಗಿದಿತ್ತು. ಅವಳು ನಲ್ಲಿಯ ಬೋರ್‌ವೆಲ್ ನೀರನ್ನೇ ಕುದಿಸಿ ಆರಿಸಿ ಉಪಯೋಗಿಸಿದಳು. ಚಾಮರಾಜನಗರದ ಬೋರ್‌ವೆಲ್ ನೀರು ಗೊತ್ತಲ್ಲ, ಪಾತ್ರೆಯ ಒಳಗೆಲ್ಲ ಬಿಳಿ ಹಕ್ಕಳೆ ಕಟ್ಟುತ್ತದೆ. ನಾನು ನೋಡಿ, “ಏನಮ್ಮ ಇದು, ಈ ನೀರಲ್ಲಿ ಪ್ರಯೋಗ ಮಾಡ್ತಾರಾ?” ಎಂದು ರೇಗಿದೆ. “ಹೇಗಿದ್ರೂ ಸಾಯತ್ತೆ ಸರ್, ಈ ನೀರಲ್ಲೇ ಸಾಯ್ಲಿ” ಅಂದಳು. ಅಷ್ಟು ಸೋತಿದ್ದಳು.

ಅದು ಸಾಯಲಿಲ್ಲ. ಆ ದಿನದ ಕೊಳವೆಯಲ್ಲಿನ ಕಿಣ್ವ ಬಿಸಿಯಲ್ಲಿ ಕೂತೇ ಇತ್ತು, ಪಿಷ್ಟ ಒಡೆಯುತ್ತಲೇ ಇತ್ತು. ರೆಹಾನಾ ಸ್ವಲ್ಪ ಹೊತ್ತು ಕೊಳವೆಯನ್ನೇ ನೋಡಿ, ನಲ್ಲಿಯ ಬಾಯಲ್ಲಿ ಕಟ್ಟಿದ ಸುಣ್ಣವನ್ನು ಉಗುರಿನಿಂದ ಕೆರೆದಳು. “ಕ್ಯಾಲ್ಸಿಯಂ ಸರ್!” ಎಂದು ಕೂಗಿದಳು. ಕಿಣ್ವವೆಂದರೆ ಮಡಿಚಿಟ್ಟ ದಾರದ ಹಾಗೆ, ಬಿಸಿಗೆ ಆ ಮಡಿಕೆ ಬಿಚ್ಚಿಹೋಗದಂತೆ ಹಿಡಿದಿಡಲು ಸುಣ್ಣದ ಅಂಶ ಬೇಕು. ಗಡಸು ನೀರಿನ ನೆಲದಲ್ಲಿ ಬೆಳೆದ ಜೀವಿ ಅದು. ನಾವು ಶುದ್ಧ ಮಾಡುವ ಉತ್ಸಾಹದಲ್ಲಿ ಅದರ ಆಸರೆಯನ್ನೇ ತೊಳೆದುಹಾಕಿದ್ದೆವು. ಪುಸ್ತಕದಲ್ಲಿ ಇದು ಮೊದಲೇ ಇದೆ ಎಂದು ಮೇಡಂ ಹೇಳಿದರು. “ಓದಿದ್ದೆ ಮೇಡಂ, ಆದ್ರೆ ನಮ್ಮದಕ್ಕೂ ಇಷ್ಟೊಂದು ಬೇಕು ಅಂತ ಹೊಳೀಲಿಲ್ಲ” ಅಂದಳು ರೆಹಾನಾ. ಚಿಟಿಕೆಯಷ್ಟು ಕ್ಯಾಲ್ಸಿಯಂ ಬೆರೆಸಿ ಎಲ್ಲ ಅಳತೆಗಳನ್ನೂ ಮತ್ತೆ ಮೊದಲಿನಿಂದ ತೆಗೆದೆವು. ಈ ಸಲ ಅಂಕಿಗಳು ಹೇಳಿದ ಮಾತು ಕೇಳಿದವು.

ಪರಿಶೀಲನೆಯ ದಿನ ಮುಂಗಾರು ಹನಿಯುತ್ತಿತ್ತು. ಸಮಿತಿಯವರು ಅವಳ ನಕ್ಷೆಗಳನ್ನೆಲ್ಲ ನೋಡಿದರು. ಅವರಲ್ಲಿ ಹಿರಿಯರೊಬ್ಬರು, “ಎಲ್ಲ ಸರಿ. ಕಾಗದದ ಮೇಲೆ ಚೆನ್ನಾಗಿದೆ. ಇದು ನಿಜವಾದ ಗಂಜಿಯ ಮೇಲೆ ಕೆಲಸ ಮಾಡುತ್ತೆ ಅಂತ ಹೇಗೆ ನಂಬೋದಮ್ಮ?” ಅಂದರು. ರೆಹಾನಾ ಬಾಗಿಲ ಬಳಿ ನಿಂತಿದ್ದ ನನ್ನ ಕಡೆ ನೋಡಿದಳು. ನಾನು ಹೊರಗೆ ಹೋದೆ. ಮರದ ಕೆಳಗೆ ಗಾಡಿ ನಿಲ್ಲಿಸಿಕೊಂಡು ವಹೀದ್ ಸಾಬರು ಕೂತಿದ್ದರು. ಅವರ ಹತ್ತಿರ ಹಿಂದಿನ ದಿನವೇ ಹೇಳಿಟ್ಟಿದ್ದ ಬಟ್ಟೆ ಇತ್ತು. ನೀರು ಕಾಣದ ಕೋರಾ ಬಟ್ಟೆ, ತಗಡಿನಂತೆ ಸೆಟೆದದ್ದು. “ನೀವೂ ಬನ್ನಿ” ಅಂದೆ. ಚಪ್ಪಲಿ ಹೊರಗೆ ಬಿಟ್ಟು ಒಳಗೆ ಬಂದರು.

ರೆಹಾನಾ ಬಟ್ಟೆಯನ್ನು ಎರಡು ತುಂಡು ಮಾಡಿ ಎರಡನ್ನೂ ಒಂದೇ ಬಿಸಿಯ ನೀರಿಗೆ ಹಾಕಿದಳು. ಒಂದರಲ್ಲಿ ಬರೀ ನೀರು. ಇನ್ನೊಂದರಲ್ಲಿ ಕಿಣ್ವ. ಗಡಿಯಾರ ನೋಡಿ ಹೊತ್ತು ಹೇಳುವ ಕೆಲಸ ನನ್ನದು. ತೆಗೆದು ಹಿಂಡಿ ಎರಡಕ್ಕೂ ಅಯೋಡಿನ್ ಹನಿ ಹಾಕಿದಳು. ಒಂದು ತುಂಡು ಶಾಯಿ ಚೆಲ್ಲಿದಂತೆ ನೀಲಿಯಾಯಿತು. ಇನ್ನೊಂದರ ಮೇಲೆ ಅಯೋಡಿನ್ನಿನ ತಿಳಿ ಕಂದು ಬಣ್ಣ ಹಾಗೆಯೇ ಉಳಿಯಿತು.

ಹಿರಿಯರು ಬಗ್ಗಿ ನೋಡಿದರು. ಆಮೇಲೆ ಪಕ್ಕದಲ್ಲಿ ಕೈಕಟ್ಟಿ ನಿಂತಿದ್ದವರನ್ನು, “ನೀವು ಯಾರು?” ಎಂದು ಕೇಳಿದರು.

“ಟೈಲರ್ ಸಾರ್. ಇವಳ ತಂದೆ.”

“ಹಾಗಾದರೆ ನೀವೇ ನೋಡಿ ಹೇಳಿ.”

ವಹೀದ್ ಸಾಬರು ನೀಲಿಯಾಗದ ತುಂಡನ್ನು ಎತ್ತಿ, ಹೆಬ್ಬೆರಳು ತೋರುಬೆರಳಿನ ನಡುವೆ ಇಟ್ಟು ತಿಕ್ಕಿದರು. ಅಂಗಡಿಗೆ ಬರುವ ಪ್ರತಿಯೊಂದು ಬಟ್ಟೆಯನ್ನೂ ಅವರು ಹಾಗೆಯೇ ಮುಟ್ಟಿ ನೋಡುತ್ತಾರಂತೆ. ಮತ್ತೊಮ್ಮೆ ತಿಕ್ಕಿದರು. ಮಗಳು ಎಂಬ ಕಾರಣಕ್ಕೆ ರಿಯಾಯಿತಿ ತೋರಿಸುವ ಮುಖವಾಗಿರಲಿಲ್ಲ ಅದು.

“ಗಂಜಿ ಹೋಗಿದೆ ಸಾರ್,” ಅಂದರು. “ನೂಲು ಕೆಟ್ಟಿಲ್ಲ. ಈಗಲೇ ಕತ್ತರಿಸಬಹುದು.”

ರೆಹಾನಾಳ ನೋಂದಣಿ ಮುಂದುವರಿಯಿತು. ಅದೇ ತಿಂಗಳ ಕೊನೆಗೆ ನಾನು ಬೀಗದ ಕೈ ಒಪ್ಪಿಸಿ ಮನೆಗೆ ಬಂದೆ. ಬೀಳ್ಕೊಡುಗೆಯಲ್ಲಿ ಶಾಲು ಹಾಕಿದರು, ಒಳ್ಳೆಯ ಮಾತಾಡಿದರು. ನನಗೆ ಮಾತ್ರ ಆ ಟೈಲರ್ ಸಾಬರ ಎರಡು ಬೆರಳೇ ಮತ್ತೆ ಮತ್ತೆ ನೆನಪಾಗುತ್ತಿತ್ತು. ಅಷ್ಟು ವರ್ಷ ನಿಯಮ, ಶಿಸ್ತು, ಚೊಕ್ಕಟ ಎಂದು ನಡೆದವನಿಗೆ ಕೊನೆಯ ಬೇಸಿಗೆಯಲ್ಲಿ ಒಂದು ಕೆಸರು, ಒಂದು ಗಡಸು ನೀರು, ಒಬ್ಬ ಹುಡುಗಿಯ ಹಟ ಸಿಕ್ಕಿದ್ದು ನನ್ನ ಭಾಗ್ಯ. ಬೇರೆಯವರಿಗೆ ನಿವೃತ್ತಿಯ ದಿನ ಕೆಲಸ ಮುಗಿಯುತ್ತದೆ. ನನ್ನ ಕೆಲಸ ಬೆಳೆಯುತ್ತಿರುವಾಗಲೇ ನಾನು ಹೊರಬಂದೆ. ಅದಕ್ಕಿಂತ ಒಳ್ಳೆಯ ನಿವೃತ್ತಿ ಇನ್ನು ಯಾವುದು ಬೇಕು?

ಕಳೆದ ತಿಂಗಳು ಆ ವಾಸನೆ ಹಿಡಿದು ಗುಂಡ್ಲುಪೇಟೆಗೆ ಬಂದಿದ್ದ ಕೆಲಸ ಬಿಟ್ಟು ಭೀಮನಬೀಡಿನ ಬಸ್ಸು ಹತ್ತಿದೆ. ತಂಗಿ ಹಿತ್ತಲಲ್ಲಿದ್ದಳು. ಒಲೆ ಉರಿಯುತ್ತಿತ್ತು, ಕೊಪ್ಪರಿಗೆಯಲ್ಲಿ ಅರಿಶಿನ ನೊರೆಗಟ್ಟಿ ಕುದಿಯುತ್ತಿತ್ತು. “ಏನಣ್ಣಯ್ಯ, ಏಳ್ದೆ ಕೇಳ್ದೆ?” ಎನ್ನುತ್ತಾ ಅವಳು ಕಡ್ಡಿ ಚುಚ್ಚಿ ಗೆಡ್ಡೆ ಬೆಂದಿದೆಯೇ ನೋಡಿದಳು. ರೆಹಾನಾ ಪ್ರಬಂಧ ಬರೆದು ಮುಗಿಸುತ್ತಿದ್ದಾಳೆ, ಅದರ ಮೊದಲ ಪುಟಗಳಲ್ಲೇ ಭೀಮನಬೀಡಿನ ಹೆಸರಿದೆ ಎಂದು ಹೇಳಿದೆ. “ಕೊಚ್ಚೆ ಅಂತ ಬರ್ದಿಲ್ಲ ತಾನೆ?” ಎಂದು ಕೇಳಿದಳು. ಇಲ್ಲ ಅಂದೆ.

ಹಿತ್ತಲು ಎಂದಿನಂತೆ ಗುಡಿಸಿ ಸಾರಿಸಿ ಅಚ್ಚುಕಟ್ಟಾಗಿತ್ತು. ಗೋಡೆಯ ಬುಡದಲ್ಲಿ ಮಾತ್ರ, ಚಪ್ಪಡಿಯಿದ್ದ ಜಾಗದಲ್ಲಿ, ಸಾರಣೆಯ ಅಂಚು ಗೆರೆ ಕೊರೆದಂತೆ ನಿಂತಿತ್ತು. ಅದರಾಚೆ ಒಂದು ಮೊಳ ಅಗಲದ ಮೂಲೆ ಕಪ್ಪಗೆ, ಹಳದಿಯಾಗಿ, ಹಸಿಯಾಗಿ ಹಾಗೆಯೇ ಇತ್ತು. ಚಪ್ಪಡಿಯನ್ನು ಅವಳು ಬೇರೆ ಕಡೆ ಹಾಕಿಸಿದ್ದಳು.

“ಅದನ್ನ್ಯಾಕೆ ಬಿಟ್ಟಿದ್ದೀಯಾ?”

“ಅದು ಆ ಉಡ್ಗಿದು ಕಣಣ್ಣಯ್ಯ,” ಅಂದಳು. ಅದರಲ್ಲಿ ಕೇಳುವಂಥದ್ದು ಏನಿದೆ ಎಂಬ ದನಿಯಲ್ಲಿ. “ಯುಗಾದಿಲೂ ಮುಟ್ಟಕಿಲ್ಲ. ಅಲ್ಲಿ ಕಾಲೇಜ್ನಲ್ಲಿ ಹೆಪ್ಪು ಕೆಟ್ಟೋದ್ರೆ ಅವ್ಳು ಇನ್ನೆಲ್ಲಿಗೆ ಓಗ್ಬೇಕು?”

ಕೊಪ್ಪರಿಗೆಯ ನೀರು ಬಸಿಯುವ ಹೊತ್ತಾಗಿತ್ತು. ಅವಳು ಬಕೆಟ್ಟಿಗೆ ಕೈಹಾಕುವ ಮೊದಲು ನಾನೇ ಎತ್ತಿಕೊಂಡೆ.

“ನಿನ್ನ ಬಿಳೀ ಪಂಚೆ! ಸಿಡೀತದೆ ಕಣಣ್ಣಯ್ಯ, ದೂರದಿಂದ ಉಯ್ಯಿ.”

ಹತ್ತಿರ ಹೋಗಿಯೇ ಸುರಿದೆ. ಕುದಿಯುವ ಹಳದಿ ನೀರು ಆ ಮೂಲೆಗೆ ಬಿದ್ದು ಹಬೆಯೆದ್ದಿತು.